ಮಗಳ ಹಲ್ಲಿನ ಕ್ಲಿಪ್ಪು, ಯುಗಾದಿಯ ಎಲೆ

ನನ್ನದು ಉಬ್ಬುಹಲ್ಲು. ಚಿಕ್ಕಂದಿನಲ್ಲಿ ತುಮಕೂರಿನ ನಮ್ಮ ಬೀದಿಯವರು, ಇವಳು ಬರುವ ಮೊದಲೇ ಇವಳ ಹಲ್ಲು ಬರುತ್ತದೆ ಎಂದು ರೇಗಿಸುತ್ತಿದ್ದರು. ಹಾಗಾಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ಅಕ್ಷರಾಭ್ಯಾಸದ ಹೊತ್ತಿಗೇ ಕಲಿತುಬಿಟ್ಟಿದ್ದೆ. ಮದುವೆಯಾಗಿ ದಿಲ್ಲಿಗೆ ಬಂದು, ಸರ್ಕಾರಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಸಂಸಾರ ಹೂಡಿದ ಮೇಲೂ ನಗು ಬಂದರೆ ಕೈ ತಾನಾಗಿಯೇ ಮೇಲೇಳುತ್ತಿತ್ತು. ಅದರ ಬಗ್ಗೆ ನನಗೆ ದುಃಖವೇನೂ ಇರಲಿಲ್ಲ, ಅಭ್ಯಾಸವಾಗಿತ್ತು ಅಷ್ಟೆ. ಆದರೆ ಮಗಳಿಗೆ ಹನ್ನೆರಡು ತುಂಬಿದ ವರ್ಷ, ಒಂದು ಸಂಜೆ ಟೀವಿ ನೋಡುತ್ತ ಅವಳೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಉಬ್ಬುಹಲ್ಲು ನನ್ನಿಂದ ಅವಳಿಗೆ ಬಂದದ್ದು ಸರಿ, ಈ ಕೈಯೂ ಬರಬೇಕೆ? ನನಗೆ ಕೆಟ್ಟ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ, ಆದರೂ ಆ ಶನಿವಾರವೇ ಅವಳನ್ನು ವಸಂತ್ ಕುಂಜಿನ ದಂತವೈದ್ಯೆಯ ಬಳಿಗೆ ಎಳೆದುಕೊಂಡು ಹೋದೆ.

ಹಲ್ಲು ಗೋಡೆಗೆ ಹೊಡೆದ ಮೊಳೆಯ ಹಾಗೆ ಒಂದೇ ಕಡೆ ಕೂತಿರುತ್ತದೆ ಎಂದು ನಾನು ತಿಳಿದಿದ್ದೆ. ವೈದ್ಯೆ ಒಂದು ಪ್ಲಾಸ್ಟಿಕ್ ದವಡೆಯನ್ನು ಕೈಯಲ್ಲಿ ಹಿಡಿದು ಹಿಂದಿಯಲ್ಲಿ ಬಿಡಿಸಿ ಹೇಳಿದರು. ಹಲ್ಲಿಗೆ ಕ್ಲಿಪ್ಪು ಅಂಟಿಸಿ, ತಂತಿ ಪೋಣಿಸಿ, ಮೆಲ್ಲಗೆ ಒತ್ತಡ ಕೊಡುತ್ತಾ ಹೋದರೆ ಹಲ್ಲು ಸರಿಯುವ ಕಡೆಯ ಮೂಳೆ ಕರಗಿ ದಾರಿ ಬಿಡುತ್ತದಂತೆ, ಬಿಟ್ಟುಬಂದ ಜಾಗದಲ್ಲಿ ಹೊಸ ಮೂಳೆ ತುಂಬಿಕೊಳ್ಳುತ್ತದಂತೆ. ಅವಸರ ಮಾಡಿದರೆ ಹಲ್ಲಿನ ಬೇರಿಗೇ ಪೆಟ್ಟು. ದಿಲ್ಲಿಯ ಬಸ್ಸಿನಲ್ಲಿ ಮೂವರ ಸೀಟಿನ ಅಂಚಿಗೆ ಕೂತು, ಸ್ವಲ್ಪ ಸ್ವಲ್ಪವೇ ಒಳಗೆ ಸರಿಯುವ ವಿದ್ಯೆ ನನಗೆ ಚೆನ್ನಾಗಿ ಬರುತ್ತಿದ್ದುದರಿಂದ ಕೂಡಲೇ ಅರ್ಥವಾಯಿತು. ಜಾಗ ಮಾಡಲು ಮೇಲಿನ ಎರಡು ಹಲ್ಲು ತೆಗೆಸಬೇಕು, ಎರಡು ವರ್ಷ ಹಿಡಿಯುತ್ತದೆ ಎಂದರು. ಮಗಳು ನನ್ನ ಮುಖ ನೋಡಿದಳು. ನಾನು ಗೋಡೆಯ ಕಡೆ ನೋಡಿದೆ.

ಮೊದಲ ವಾರ ಮೊಸರನ್ನವೇ ಗತಿ. ತಂತಿ ಕೆನ್ನೆಯ ಒಳಗೆ ಚುಚ್ಚಿದ ಕಡೆ ಮೇಣದ ಉಂಡೆ ಅಂಟಿಸುವುದು, ಉಂಡ ಮೇಲೆಲ್ಲ ಕನ್ನಡಿಯ ಮುಂದೆ ನಿಂತು ಬ್ರಷ್ಷು ಹಿಡಿಯುವುದು, ತಿಂಗಳಿಗೊಮ್ಮೆ ತಂತಿ ಬಿಗಿ ಮಾಡಿಸಿಕೊಂಡು ಬಂದು ಎರಡು ದಿನ ಮುಖ ಊದಿಸಿಕೊಳ್ಳುವುದು. ಕಬ್ಬು, ಚಕ್ಕುಲಿ, ಹುರಿಗಡಲೆ ಎಲ್ಲಕ್ಕೂ ನಿಷೇಧ. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎರಡೂ ಇದ್ದವು, ಡಾಕ್ಟರ ಅಪ್ಪಣೆ ಇರಲಿಲ್ಲ. ಊರಿನಿಂದ ಬಂದ ಕೋಡುಬಳೆಯನ್ನು ನಾನು ಅಡುಗೆಮನೆಯಲ್ಲಿ ನಿಂತು ತಿನ್ನುತ್ತಿದ್ದೆ. ಸದ್ದಾಗದಂತೆ ಕೋಡುಬಳೆ ತಿನ್ನುವುದು ಸಣ್ಣ ಸಾಧನೆಯಲ್ಲ. ಮಗಳು ಮಾತ್ರ ಬಲುಬೇಗ ಹೊಂದಿಕೊಂಡಳು. ಕ್ಲಿಪ್ಪಿಗೆ ಹಾಕುವ ಪುಟ್ಟ ರಬ್ಬರ್ ಬಳೆಗಳ ಬಣ್ಣವನ್ನು ಪ್ರತಿ ತಿಂಗಳೂ ಅವಳೇ ಆರಿಸುತ್ತಿದ್ದಳು. ಒಮ್ಮೆ ನೀಲಿ, ಒಮ್ಮೆ ಗಿಳಿಹಸಿರು. ಅದನ್ನು ತೋರಿಸಲಿಕ್ಕೆಂದೇ ಸ್ಕೂಲಿನಲ್ಲಿ ಹಲ್ಲು ಕಿರಿಯುತ್ತಾಳೆ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕ್ಲಿಪ್ಪು ತೆಗೆದ ದಿನ ಕೈಗೆ ರಿಟೇನರ್ ಕೊಟ್ಟರು. ಗುಲಾಬಿ ಬಣ್ಣದ ಅಚ್ಚು, ಮುಂದೆ ಒಂದು ತಂತಿ. ಹೊಸ ಮೂಳೆ ಇನ್ನೂ ಗಟ್ಟಿಯಾಗಿಲ್ಲ, ಇದನ್ನು ಹಾಕದಿದ್ದರೆ ಹಲ್ಲು ಹಳೆಯ ಜಾಗಕ್ಕೇ ಹೊರಡುತ್ತದೆ ಎಂದು ವೈದ್ಯೆ ಎಚ್ಚರಿಸಿದರು. ಹಲ್ಲಿಗೂ ತವರಿನ ಸೆಳೆತ. ಊಟಕ್ಕೆ ತೆಗೆದಾಗ ಡಬ್ಬಿಯಲ್ಲೇ ಇಡಬೇಕೆಂದು ಮತ್ತೆ ಮತ್ತೆ ಹೇಳಿದರು.

ಆ ಯುಗಾದಿಗೆ ಕಾಲೊನಿಯ ಕನ್ನಡದವರೆಲ್ಲ ಸೇರಿ ಸಮುದಾಯ ಭವನದಲ್ಲಿ ಊಟ ಇಟ್ಟುಕೊಂಡಿದ್ದೆವು. ಐಎನ್‌ಎ ಮಾರ್ಕೆಟ್ಟಿನಿಂದ ಬಾಳೆಎಲೆ ತರಿಸಿದ್ದೆವು. ಮಗಳು ಡಬ್ಬಿ ಮನೆಯಲ್ಲೇ ಮರೆತಿದ್ದಳು. ಪಂಕ್ತಿಯಲ್ಲಿ ಕೂತ ಮೇಲೆ ನಡುವೆ ಏಳಬಾರದಲ್ಲ, ರಿಟೇನರ್ ತೆಗೆದು ಎಲೆಯ ಮೂಲೆಯಲ್ಲಿ ಉಪ್ಪಿನ ಪಕ್ಕ ಇಟ್ಟುಕೊಂಡಳು. ಹೋಳಿಗೆ ಎರಡು ಸಲ ಹಾಕಿಸಿಕೊಂಡಳು. ಊಟ ಮುಗಿದ ಮೇಲೆ ಎಲೆಯನ್ನು ತನ್ನ ಕಡೆಗೆ ಮಡಿಸಿ ಏಳಬೇಕೆಂದು ನಾನು ಚಿಕ್ಕಂದಿನಿಂದ ಹೇಳಿಕೊಟ್ಟಿದ್ದೆ. ದಿಲ್ಲಿಯಲ್ಲಿ ಬೆಳೆದರೂ ಅದೊಂದನ್ನು ತಪ್ಪದೆ ಮಾಡುತ್ತಿದ್ದಳು. ಅಂದೂ ಚೊಕ್ಕವಾಗಿ ಮಡಿಸಿ ಎದ್ದಳು.

ಕೈ ತೊಳೆಯುವಾಗ ಅವಳಿಗೆ ನೆನಪಾಯಿತು. ನನ್ನ ಹತ್ತಿರ ಓಡಿ ಬಂದವಳ ಮುಖ ಬಿಳಿಚಿತ್ತು. ಅಷ್ಟರಲ್ಲಿ ಎಲೆಗಳೆಲ್ಲ ಭವನದ ಹಿಂದೆ ರಾಶಿ ಬಿದ್ದಿದ್ದವು, ರಾಶಿಯ ಒಂದು ಕಡೆಯಿಂದ ಕಾಲೊನಿಯ ಹಸು ಊಟ ಶುರು ಮಾಡಿತ್ತು. ಎರಡು ವರ್ಷದ ನೋವು ಆ ಹಸುವಿನ ಹೊಟ್ಟೆ ಸೇರುವುದರಲ್ಲಿತ್ತು. ರೇಷ್ಮೆ ಸೀರೆ ಎತ್ತಿಕಟ್ಟಿ ಇನ್ನೊಂದು ಕಡೆ ಕೂತೆ, ಮಗಳೂ ಕೂತಳು, ಒಂದೊಂದೇ ಎಲೆ ಬಿಚ್ಚತೊಡಗಿದೆವು.

ಮಡಿಸಿದ ಎಲೆಯಲ್ಲಿ ಜನ ಏನೇನು ಬಚ್ಚಿಡುತ್ತಾರೆಂದು ಆವರೆಗೆ ನನಗೆ ಗೊತ್ತಿರಲಿಲ್ಲ. ಒಂದರಲ್ಲಿ ಬೇವಿನ ಹೂವನ್ನೆಲ್ಲ ಆರಿಸಿ ಬದಿಗೊತ್ತಿದ್ದರು, ಬೆಲ್ಲ ಮಾತ್ರ ಇರಲಿಲ್ಲ. ಇನ್ನೊಂದರಲ್ಲಿ ಹಾಗಲಕಾಯಿ ಗೊಜ್ಜು ಬಡಿಸಿದ್ದು ಬಡಿಸಿದ ಹಾಗೇ ಕೂತಿತ್ತು. ಅದೇ ಎಲೆಯ ಅಂಚಿಗೆ ಅಂಟಿದ್ದ ಬಸ್ ಟಿಕೆಟ್ಟಿನ ಮೇಲೆ ಮಗಳು ಬೆರಳಿಟ್ಟಳು. ಬಸ್ ಟಿಕೆಟ್ಟನ್ನು ಕಡ್ಡಿಯಂತೆ ಮಡಿಚಿ ಹಲ್ಲು ಕೆದಕುವ ಅಭ್ಯಾಸ ಇದ್ದದ್ದು ನಮ್ಮ ಮೇಲಿನ ಮನೆಯ ಯಜಮಾನರೊಬ್ಬರಿಗೇ. ಇಂಥ ಗೊಜ್ಜು ಜನ್ಮದಲ್ಲಿ ತಿಂದಿಲ್ಲ ಎಂದು ಅವರು ಆಗತಾನೇ ಅಡುಗೆಯವರನ್ನು ಹೊಗಳಿದ್ದನ್ನು ಇಬ್ಬರೂ ಕೇಳಿದ್ದೆವು.

"ಅಂಕಲ್ ಸಚ್ ಬೋಲೇ, ಅಮ್ಮ. ನಿಜವಾಗ್ಲೂ ತಿಂದಿಲ್ಲ," ಎಂದಳು ಮಗಳು.

ನನಗೆ ನಗು ಒತ್ತರಿಸಿಕೊಂಡು ಬಂತು. ಎರಡೂ ಕೈ ಮೊಣಕೈವರೆಗೆ ಸಾರು, ಪಾಯಸ. ಬಾಯಿಗೆ ಅಡ್ಡ ಹಿಡಿಯುವ ಹಾಗಿರಲಿಲ್ಲ. ಕೈಗಳನ್ನು ಗಾಳಿಯಲ್ಲಿ ಹಿಡಿದು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಹಸು ತಲೆಯೆತ್ತಿ ನೋಡಿತು. ಅದರ ಮೂತಿಯ ಕೆಳಗಿದ್ದ ಎಲೆಯನ್ನು ಮಗಳು ಸರಕ್ಕನೆ ಎಳೆದು ಬಿಚ್ಚಿದಳು, ಉಪ್ಪಿನ ಪಕ್ಕದಲ್ಲಿ ರಿಟೇನರ್ ಇತ್ತು. ಅದನ್ನು ಎತ್ತಿ ಹಿಡಿದು ಅವಳೂ ನಕ್ಕಳು, ಸಾಲಾಗಿ ನಿಂತ ಹಲ್ಲುಗಳಷ್ಟೂ ಕಾಣುವ ಹಾಗೆ. ಆಮೇಲೆ ನಗು ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಾ ಕೂತಳು.

"ಅಮ್ಮ, ನೀನು ನಗುವಾಗ ಹೇಗೆ ಕಾಣ್ತೀಯ ಅಂತ ನಂಗೆ ಗೊತ್ತೇ ಇರ್ಲಿಲ್ಲ. ತುಂಬಾ ಚೆನ್ನಾಗಿ ಕಾಣ್ತೀಯ, ಸಚ್ಚೀ."

ಅವಳಿಗಾಗ ಹದಿನೈದು ವರ್ಷ. ಅಷ್ಟೂ ವರ್ಷ ನಾವಿಬ್ಬರೂ ಒಂದೇ ಮನೆಯಲ್ಲಿದ್ದೆವು.