ಅರ್ಧಿಂಚಮ್ಮನ ಅಂಚು

ಲೋಕದಲ್ಲಿ ದೊಡ್ಡ ದೊಡ್ಡ ಮಹನೀಯರು ಆಗಿಹೋಗಿದ್ದಾರೆ. ಸಮುದ್ರ ಈಜಿದವರು, ಬೆಟ್ಟ ಹತ್ತಿದವರು, ಪಕ್ಕದ ರಾಜ್ಯವನ್ನು ಒಂದೇ ಗುಕ್ಕಿಗೆ ನುಂಗಿ ನೀರು ಕುಡಿದವರು. ಅವರೆಲ್ಲ ಒಟ್ಟಾಗಿ ದಂಡೆತ್ತಿ ಬಂದಿದ್ದರೂ ಆ ಬೀದಿಯ ಟೈಲರಮ್ಮನ ಕೈಯಿಂದ ಅರ್ಧ ಇಂಚು ಕಿತ್ತುಕೊಳ್ಳಲು ಆಗುತ್ತಿರಲಿಲ್ಲ. ಆಕೆಯ ಜೀವಮಾನದ ವ್ರತವೇ ಅದು: ಏನನ್ನು ಕತ್ತರಿಸಿದರೂ ಸುತ್ತ ಅರ್ಧ ಇಂಚು ಬಿಡುವುದು.

ರವಿಕೆ ಹೊಲಿದರೆ ಬಿಡುತ್ತಿದ್ದಳು, ಅದು ಸರಿ. "ಒಳಗೆ ಬಟ್ಟೆ ಬಿಟ್ಟಿದೀನಿ ಕಣಮ್ಮ, ದಪ್ಪ ಆದ್ರೆ ಬಿಚ್ಕೋಬಹುದು" ಎಂದು ಹೇಳಿಸಿಕೊಳ್ಳದ ಹೆಂಗಸು ಆ ಬೀದಿಯಲ್ಲಿ ಇರಲಿಲ್ಲ. ಹಾಗೆ ಹೇಳಿಸಿಕೊಂಡು ಸಿಟ್ಟಾದವರಿದ್ದರು, ವರ್ಷ ಕಳೆದ ಮೇಲೆ ತಗ್ಗಿಸಿದ ತಲೆಯಲ್ಲಿ ಅದೇ ರವಿಕೆ ಹಿಡಿದು ಬಿಚ್ಚಿಸಿಕೊಳ್ಳಲು ಬಂದವರೂ ಇದ್ದರು. ಆದರೆ ಜನ ಹೇಳುವ ಪ್ರಕಾರ ಆಕೆಯ ವ್ರತ ಬಟ್ಟೆಗೆ ನಿಲ್ಲುತ್ತಿರಲಿಲ್ಲ. ಲೋಟಕ್ಕೆ ಟೀ ಹಾಕಿದರೆ ಮೇಲೆ ಅರ್ಧ ಇಂಚು ಖಾಲಿ. ಬಾಗಿಲು ಹಾಕಿದರೆ ಅರ್ಧ ಇಂಚು ಸಂದಿ. ಜಗಳಕ್ಕೆ ನಿಂತರೂ ಕೊನೆಯ ಒಂದು ಮಾತನ್ನು ಬಾಯೊಳಗೇ ಉಳಿಸಿಕೊಳ್ಳುತ್ತಿದ್ದಳು. ಮದುವೆಯ ದಿನ ಗಂಡನ ಪಕ್ಕ ನಿಂತಾಗಲೂ ನಡುವೆ ಅರ್ಧ ಇಂಚು ಬಿಟ್ಟಿದ್ದಳಂತೆ. ಆಮೇಲೆ ಆತನೇ ದಪ್ಪಗಾಗಿ ಅದನ್ನು ತುಂಬಿಸಿಕೊಂಡನಂತೆ. ಹೀಗಾಗಿ ತಾಯಿತಂದೆ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲೇ ಉಳಿದು, ಬೀದಿಗೆಲ್ಲ ಆಕೆ ಅರ್ಧಿಂಚಮ್ಮ ಆದಳು.

ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಸಿಕ್ಕಿಕೊಂಡ ಅರ್ಧಿಂಚಮ್ಮನ ಅಂಗಡಿ ಉದ್ದಕ್ಕೆ ರೈಲಿನ ಬೋಗಿಯ ಹಾಗೆ ಒಳಗೆ ಹೋಗುತ್ತಿತ್ತು. ಮುಂದೆ ಮಿಷನ್ನು, ಹಿಂದೆ ಬಟ್ಟೆ ಕತ್ತರಿಸುವ ಮೇಜು. ಶನಿವಾರ ಮಧ್ಯಾಹ್ನ ಆ ಮೇಜಿನ ಮೇಲೆ ಬಟ್ಟೆ ಇರುತ್ತಿರಲಿಲ್ಲ. ಗೋಂದಿನ ಬಾಟಲಿ, ಬಣ್ಣದ ಕಾಗದ, ಒಣಗಿದ ಎಲೆ, ಒಂಟಿ ಗುಂಡಿಗಳು, ಹಳೇ ಬಸ್ ಟಿಕೆಟ್ಟು, ಚಾಕೊಲೇಟಿನ ಮಿರುಗು ಹಾಳೆ, ಇವೆಲ್ಲ ಹರಡಿಕೊಂಡು, ಗಾಳಿ ಬೀಸಿದರೆ ಅಲ್ಲಿ ಸೇರಿದ ನಾಲ್ವರೂ ಒಟ್ಟಿಗೆ ಮೇಜಿನ ಮೇಲೆ ಬೋರಲು ಬೀಳಬೇಕಾದ ಸ್ಥಿತಿ. ಅದಕ್ಕೇ ಫ್ಯಾನು ಹಾಕುವಂತಿರಲಿಲ್ಲ. ಎಂಥ ಸೆಖೆಯಲ್ಲೂ ಬೆವರು ಒರೆಸಿಕೊಳ್ಳುತ್ತ ಸ್ಕ್ರ್ಯಾಪ್‌ಬುಕ್ ಮಾಡುತ್ತಿದ್ದರು.

ಶುರುವಾಗಿದ್ದು ತೀರ ಸಣ್ಣದಾಗಿ. ತಾನು ಹೊಲಿದ ಬಟ್ಟೆಗಳ ಚೂರುಗಳನ್ನು ಎಸೆಯಲು ಮನಸ್ಸು ಬಾರದೆ ಅರ್ಧಿಂಚಮ್ಮ ಒಂದು ದಪ್ಪ ಪುಸ್ತಕದಲ್ಲಿ ಅಂಟಿಸಿ, ಪಕ್ಕದಲ್ಲಿ ಅದನ್ನು ತೊಟ್ಟವರ ಫೋಟೊ ಕೇಳಿ ತಂದು ಅಂಟಿಸುತ್ತಿದ್ದಳು. ಇದನ್ನು ನೋಡಿ ಆಸ್ಪತ್ರೆಯ ನರ್ಸಕ್ಕ ತನ್ನ ಮನೆಯ ಆಲ್ಬಮ್ ಹೊತ್ತು ತಂದಳು. ನರ್ಸಕ್ಕನ ಹಿಂದೆ ಬೇಕರಿಯವಳು ಕೇಕಿನ ಡಬ್ಬಿಯ ರಿಬ್ಬನ್ನು, ಚಿನ್ನದ ಬಣ್ಣದ ಹಾಳೆ ಹಿಡಿದು ಬಂದಳು. ಕೊನೆಗೆ, ಹೆಂಗಸರ ಗುಂಪಿಗೆ ತಾನು ಸೇರುವವನಲ್ಲ ಎಂದು ಹೇಳಲಿಕ್ಕೆಂದೇ ಒಳಗೆ ಬಂದ ನಿವೃತ್ತ ಪೋಸ್ಟ್‌ಮಾಸ್ಟರು ಹೇಳಿ ಮುಗಿಸಿ ಕೂತವರು ಮತ್ತೆ ಏಳಲಿಲ್ಲ.

"ಸ್ಕ್ರ್ಯಾಪ್ ಅಂದ್ರೆ ಗುಜರಿ. ನಾವು ಗುಜರಿ ಪುಸ್ತಕ ಮಾಡ್ತಿದೀವಿ ಅಂತ ಹೊರಗೆ ಯಾರಿಗೂ ಹೇಳ್ಬೇಡಿ, ಮರ್ಯಾದೆ ಪ್ರಶ್ನೆ" ಎನ್ನುತ್ತಿದ್ದರು ಪೋಸ್ಟ್‌ಮಾಸ್ಟರು.

"ನಿಮ್ದು ಬಿಡಿ ಸಾರ್, ಬರೀ ಸ್ಟಾಂಪು. ವಿಳಾಸ ಬರೆದ್ರೆ ಪುಸ್ತಕಾನೇ ಡಬ್ಬಕ್ಕೆ ಹಾಕ್ಬಹುದು" ಎನ್ನುತ್ತಿದ್ದಳು ಬೇಕರಿಯವಳು. ಅವಳ ಪುಸ್ತಕದ ತುಂಬ ಅವಳೇ ಮಾಡಿದ ಕೇಕುಗಳ ಫೋಟೊ. ತಿರುವಿ ಹಾಕುವವರಿಗೆ ಹಸಿವಾಗುತ್ತಿತ್ತು.

ಕತ್ತರಿಸುವುದರಲ್ಲಿ ನರ್ಸಕ್ಕ ಒಂದು ಕಡೆ, ಅರ್ಧಿಂಚಮ್ಮ ಇನ್ನೊಂದು ಕಡೆ. ನರ್ಸಕ್ಕ ಫೋಟೊದಿಂದ ಮನುಷ್ಯರನ್ನು ತೆಗೆದರೆ ಶಸ್ತ್ರಚಿಕಿತ್ಸೆ. ಕೂದಲೆಳೆ ಆಚೀಚೆ ಇಲ್ಲ. ಅರ್ಧಿಂಚಮ್ಮ ತೆಗೆದರೆ ಸುತ್ತಲೂ ಅಂಚು, ಆ ಅಂಚಿನಲ್ಲಿ ಪಕ್ಕದವರ ಕಿವಿ, ಮೊಣಕೈ, ಅರ್ಧ ಮೀಸೆ.

"ನನ್ನ ಕೆನ್ನೆ ಪಕ್ಕ ಈ ಕಿವಿ ಯಾರ್ದೇ?" ಎಂದು ನರ್ಸಕ್ಕ ರೇಗುತ್ತಿದ್ದಳು.

"ಪಕ್ಕದಲ್ಲಿ ನಿಂತಿದ್ದೋರ್ದು."

"ಅದನ್ನ ಕತ್ತರಿಸೋಕೇನು ಧಾಡಿ?"

"ಇರ್ಲಿ ಬಿಡೇ, ನಿನ್ನನ್ನೇನು ಕಚ್ಚುತ್ತಾ?"

ಒಂದು ಶನಿವಾರ ನರ್ಸಕ್ಕ ಬಂದವಳು ಯಾರನ್ನೂ ಬೈಯಲಿಲ್ಲ. ಇದು ಕೆಟ್ಟ ಲಕ್ಷಣ ಎಂದು ಮೂವರಿಗೂ ಗೊತ್ತಾಯಿತು. ಬೇಕರಿಯವಳು ಟೀ ಮುಂದೆ ಸರಿಸಿದಳು. ನರ್ಸಕ್ಕ ಅದನ್ನು ನೋಡುತ್ತ ಹೇಳಿದಳು, "ತಂಗಿ ಫೋನ್ ಮಾಡಿದ್ಳು."

ಅಕ್ಕತಂಗಿ ಮಾತು ಬಿಟ್ಟು ವರ್ಷಾನುಗಟ್ಟಲೆ ಆಗಿತ್ತು. ಒಂದು ಕಾಲದಲ್ಲಿ ಆ ತಂಗಿ ಅಕ್ಕನ ಬಾಲ. ಬೀದಿಯವರೆಲ್ಲ ಎಲ್ಲಿ ಪಿಕ್ನಿಕ್ಕಿಗೆ ಹೋದರೂ ಗೋಂದು ಹಚ್ಚಿದ ಹಾಗೆ ಅಕ್ಕನಿಗೆ ಅಂಟಿಕೊಂಡೇ ನಿಲ್ಲುತ್ತಿದ್ದಳು. ಅವರ ತಾಯಿ ತೀರಿಕೊಂಡ ದಿನ, ಹಾಸಿಗೆಯ ಪಕ್ಕದಲ್ಲಿ ನಿಂತು ತಂಗಿ ಒಂದು ಮಾತು ಆಡಿದ್ದಳು: "ಊರಿನವರನ್ನೆಲ್ಲ ಬದುಕಿಸ್ತೀಯ, ಅಮ್ಮನ್ನ ಉಳಿಸ್ಕೊಳ್ಳೋಕಾಗ್ಲಿಲ್ವಾ?" ಅಷ್ಟೇ. ಆಮೇಲೆ ತಂಗಿ ದೂರದ ಊರಿಗೆ ಹೊರಟುಹೋದಳು, ಮಾತು ಇಲ್ಲೇ ಉಳಿಯಿತು.

"ಮುಂದಿನ ಶನಿವಾರ ಇಲ್ಲಿಗೇ ಬರ್ತಾಳಂತೆ. ಮಗಳು ದೊಡ್ಡವಳಾಗಿದಾಳಂತೆ, ನನ್ನ ವಯಸ್ಸಲ್ಲಿ ನೀನು ಹೇಗಿದ್ದೆ ಅಂತ ಕೇಳ್ತಾಳಂತೆ. ಇವಳ ಹತ್ರ ಒಂದು ಫೋಟೊನೂ ಇಲ್ಲ. 'ಅಕ್ಕಾ, ಆಲ್ಬಮ್ ತೆಗೆದಿಟ್ಟಿರು' ಅಂದ್ಳು."

"ಒಳ್ಳೇದೇ ಆಯ್ತಲ್ಲ! ತೋರಿಸಿದ್ರಾಯ್ತು" ಎಂದರು ಪೋಸ್ಟ್‌ಮಾಸ್ಟರು.

ನರ್ಸಕ್ಕ ಚೀಲದಿಂದ ಆಲ್ಬಮ್ ತೆಗೆದು ಮೇಜಿನ ಮೇಲೆ ಇಟ್ಟು, ತಾನೇ ತೆರೆದಳು.

ಹಾಳೆ ಹಾಳೆಯಲ್ಲೂ ಕಿಂಡಿಗಳು. ಕೆರೆಯ ಪಕ್ಕ ಒಂದು ಹುಡುಗಿಯ ಆಕಾರದ ಕಿಂಡಿ. ಸೈಕಲ್ಲಿನ ಮೇಲೆ ಜಡೆ ಹಾಕಿಕೊಂಡ ಕಿಂಡಿ. ತಾಯಿಯ ಕುರ್ಚಿಯ ಬಳಿ ಮಂಡಿಯೂರಿ ಕೂತ ಕಿಂಡಿ. ಸಿಟ್ಟಿನಲ್ಲಿ ಕೂತು ಕತ್ತರಿಸಿದರೂ ಕೈ ಎಲ್ಲೂ ತಪ್ಪಿರಲಿಲ್ಲ; ಬೆರಳಿನ ಗೆಣ್ಣುಗಳೂ ಎಣಿಸಬಹುದಾದಷ್ಟು ನಿಖರ. ಒಂದೇ ಒಂದು ಕಡೆ ಮಾತ್ರ ನರ್ಸಕ್ಕನ ಭುಜದ ಮೇಲೆ ಯಜಮಾನಿ ಇಲ್ಲದ ಒಂದು ಕೈ ಉಳಿದುಕೊಂಡಿತ್ತು. ತನ್ನ ಭುಜ ಕತ್ತರಿಸದೆ ಅದನ್ನು ಕತ್ತರಿಸಲು ಆಗುತ್ತಿರಲಿಲ್ಲ.

"ಕತ್ತರಿಸಿದ್ದನ್ನೇನು ಮಾಡ್ದೆ?" ಬೇಕರಿಯವಳು ಮೆಲ್ಲಗೆ ಕೇಳಿದಳು.

"ಒಲೆಗೆ ಹಾಕ್ದೆ."

"ಸ್ಟುಡಿಯೊದಲ್ಲಿ ನೆಗೆಟಿವ್?"

"ಸ್ಟುಡಿಯೊ ಮುಚ್ಚಿ ಅಲ್ಲೀಗ ಚಪ್ಪಲಿ ಅಂಗಡಿ." ನರ್ಸಕ್ಕ ಆಲ್ಬಮ್ ಮುಚ್ಚಿದಳು. "ಇದನ್ನ ನೋಡಿದ್ರೆ ಅವಳು ಬಾಗಿಲಿಂದಲೇ ವಾಪಸ್ ಹೋಗ್ತಾಳೆ. ಇನ್ನೊಂದ್ಸಲ ಫೋನ್ ಬರಲ್ಲ."

ಅರ್ಧಿಂಚಮ್ಮ ಸ್ಟೂಲು ಹತ್ತಿ, ಮೇಲಿನ ಹಲಗೆಯಿಂದ ತನ್ನ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿದಳು. ಆ ಪುಸ್ತಕಗಳನ್ನು ಯಾರಾದರೂ ಟೀ ಕುಡಿಯುವ ಕೈಯಲ್ಲಿ ಮುಟ್ಟಿದರೆ ಗಂಡನಾದರೂ ಸರಿ, ಹೊರಗೆ ಹಾಕುವವಳು ಅವಳು. ಎಲ್ಲ ಪಿಕ್ನಿಕ್ಕಿನ ಫೋಟೊಗಳ ಪ್ರತಿ ಅವಳಿಗೂ ಸಿಕ್ಕಿತ್ತು. ಪುಸ್ತಕದಲ್ಲಿ ಶನಿವಾರದವರಿಗೆ ಮಾತ್ರ ಜಾಗವಾದ್ದರಿಂದ ಆ ಫೋಟೊಗಳಿಂದ ನರ್ಸಕ್ಕನನ್ನು, ಬೇಕರಿಯವಳನ್ನು ಬೇರೆಬೇರೆಯಾಗಿ ಕತ್ತರಿಸಿ ಅಂಟಿಸಿ ಮಿಕ್ಕಿದ್ದನ್ನು ಬುಟ್ಟಿಗೆ ಹಾಕಿದ್ದಳು. ಕತ್ತರಿಸಿದ್ದು ಮಾತ್ರ ತನ್ನ ಪದ್ಧತಿಯಲ್ಲೇ.

ಕೆರೆಯ ಹತ್ತಿರ ಆ ತಂಗಿ ಅಕ್ಕನಿಗೂ ಬೇಕರಿಯವಳಿಗೂ ನಡುವೆ ನಿಂತಿದ್ದಳು. ಅಕ್ಕನ ಅಂಚಿನಲ್ಲಿ ಅರ್ಧ ತಂಗಿ ಇದ್ದಳು. ಬೇಕರಿಯವಳ ಅಂಚಿನಲ್ಲಿ ಇನ್ನರ್ಧ.

"ಅಯ್ಯಯ್ಯೋ" ಎಂದಳು ಬೇಕರಿಯವಳು. "ಇಷ್ಟು ವರ್ಷ ನೀನು ಬೈತಿದ್ದದ್ದು ನಿನ್ನ ತಂಗಿ ಕಿವೀನಾ!"

ಆ ಮಧ್ಯಾಹ್ನ ಆ ಅಂಗಡಿಯಲ್ಲಿ ನಡೆದ ಕೆಲಸವನ್ನು ಯಾವ ಆಸ್ಪತ್ರೆಯೂ ಒಪ್ಪಿಕೊಳ್ಳುತ್ತಿರಲಿಲ್ಲ. ಅರ್ಧಿಂಚಮ್ಮ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಪೆಟ್ಟಿಗೆ ಆಡಿಸಿ, ಹಬೆಯಲ್ಲಿ ಗೋಂದು ಸಡಿಲ ಮಾಡಿ, ಹೊಲಿಗೆ ಬಿಚ್ಚುವ ಚೂಪು ಕಡ್ಡಿಯಿಂದ ತನ್ನ ಪುಟಗಳಿಂದ ಫೋಟೊಗಳನ್ನು ತಾನೇ ಕಿತ್ತಳು. ಕಿತ್ತಲ್ಲೆಲ್ಲ ಕಾಗದ ಸುಲಿದು ಬಿಳಿ ಗಾಯ. ನರ್ಸಕ್ಕ "ಬೇಡ ಕಣೇ, ನಿನ್ನ ಪುಸ್ತಕ ಹಾಳಾಗುತ್ತೆ" ಎಂದಾಗ "ಬಾಯ್ಮುಚ್ಕೊಂಡು ಇಸ್ತ್ರಿ ಹಿಡಿ" ಎಂದಳು. ಟಪಾಲು ವಿಂಗಡಿಸಿ ಪಳಗಿದ ಪೋಸ್ಟ್‌ಮಾಸ್ಟರು ಗುಂಡಿಯ ಡಬ್ಬಿಗಳನ್ನು ಖಾಲಿ ಮಾಡಿ ಒಂದರಲ್ಲಿ ಕಿವಿ, ಒಂದರಲ್ಲಿ ಜಡೆ, ಒಂದರಲ್ಲಿ ಮಂಡಿ ಎಂದು ಬಟವಾಡೆ ನಡೆಸಿದರು. "ಈ ಮೂಗಿಗೆ ವಿಳಾಸ ಇಲ್ಲ" ಎಂದು ಅವರು ಒಂದನ್ನು ಎತ್ತಿ ಹಿಡಿದರೆ "ಸಾರ್, ಅದು ಕುದುರೇದು" ಎಂದಳು ಬೇಕರಿಯವಳು.

ತಂಗಿಯ ಎರಡು ಅರ್ಧಗಳನ್ನು ಸೇರಿಸುವುದು ಉಳಿಯಿತು. ಬೆನ್ನಿಗೆ ಹಳೇ ಗೋಂದಿನ ಪದರ ಇದ್ದದ್ದರಿಂದ ಹೊಸ ಗೋಂದು ಹಿಡಿಯಲೇ ಇಲ್ಲ. "ಹೊಲಿದುಬಿಡ್ತೀನಿ" ಎಂದು ಅರ್ಧಿಂಚಮ್ಮ ಎದ್ದು ಮಿಷನ್ನಿನ ಮುಂದೆ ಕೂತಳು. ಇಲ್ಲಿಯೇ ಎಡವಟ್ಟಾಯಿತು. ಎರಡು ತುಂಡು ಕೈಗೆ ಬಂದರೆ ಟೈಲರ್ ಏನು ಮಾಡುತ್ತಾಳೆ? ಮುಖಕ್ಕೆ ಮುಖ ಇಟ್ಟು, ಅಂಚು ಒಳಗೆ ಬಿಟ್ಟು, ಸರ್ರನೆ ಹೊಲಿಗೆ ಎಳೆಯುತ್ತಾಳೆ. ಕೈ ತನ್ನ ಪಾಡಿಗೆ ಅದನ್ನೇ ಮಾಡಿತು. ಬಿಡಿಸಿ ನೋಡಿದರೆ ತಂಗಿಯ ನಡುಭಾಗವೆಲ್ಲ ಹೊಲಿಗೆಯೊಳಗೆ ಹೋಗಿ, ಕಣ್ಣೆರಡೂ ಗುಟ್ಟು ಹೇಳಿಕೊಳ್ಳುವಷ್ಟು ಹತ್ತಿರ ಬಂದು, ಆಸಾಮಿ ಅಗರಬತ್ತಿಯಷ್ಟು ತೆಳ್ಳಗಾಗಿದ್ದಳು.

"ಬಿಚ್ಚಿ ಮತ್ತೆ ಹೊಲಿ" ಎಂದಳು ಬೇಕರಿಯವಳು.

ಬಟ್ಟೆಯಾದರೆ ಬಿಚ್ಚಬಹುದಿತ್ತು. ಕಾಗದದ ಮೇಲೆ ಸೂಜಿ ಒಮ್ಮೆ ನಡೆದರೆ ತೂತು ತೂತೇ. ಅರ್ಧಿಂಚಮ್ಮ ಅದನ್ನು ಹಿಡಿದುಕೊಂಡು ಕೂತಳು. ಇಷ್ಟು ವರ್ಷದಲ್ಲಿ ಯಾರ ಅಳತೆಯನ್ನೂ ಕೆಡಿಸಿದವಳಲ್ಲ. ಇವತ್ತೇ ಕೆಡಬೇಕಿತ್ತೇ ಎಂದು ಕಣ್ಣು ತುಂಬಿತು. ಅವಳ ಕೈಯಿಂದ ನರ್ಸಕ್ಕ ಅದನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದಳು. "ಅವಳೇ" ಎಂದಳು. "ಹೇಗಿದ್ರೂ ಅವಳೇ." ತಾನೇ ಅದನ್ನು ಕಿಂಡಿಯ ಹಿಂದೆ ಇಟ್ಟು ಅಂಟಿಸಿದಳು.

ಮುಂದಿನ ಶನಿವಾರ ಅಂಗಡಿಯ ಬಾಗಿಲಲ್ಲಿ ನೆರಳು ಬಿತ್ತು. ನೆರಳು ಅಗಲವಾಗಿತ್ತು. ಅಗರಬತ್ತಿಯ ಕುಲಕ್ಕೂ ತನಗೂ ಸಂಬಂಧವೇ ಇಲ್ಲದಂಥ ಒಬ್ಬ ದುಂಡನೆಯ ಹೆಂಗಸು ಚೀಲ ಎದೆಗವಚಿಕೊಂಡು ಏದುಸಿರು ಬಿಡುತ್ತ ನಿಂತಿದ್ದಳು.

"ಒಳಗೆ ಬರ್ಲಾ?"

ನರ್ಸಕ್ಕ ಎದ್ದಳು. ವಾರವಿಡೀ ಕಟ್ಟಿಟ್ಟುಕೊಂಡ ಮಾತೆಲ್ಲ ಎಲ್ಲಿ ಹೋಯಿತೋ. "ಬಿಸಿಲಲ್ಲಿ ಬಂದ್ಯಾ?" ಎಂದಳು. "ಕೂತ್ಕೋ."

ತಂಗಿ ಟೀ ಕುಡಿಯುವ ಮೊದಲೇ ಆಲ್ಬಮ್ ತೆರೆದಳು. ಕೆರೆಯ ಪುಟ ಬಂತು. ಮೂವರೂ ಮೇಜಿನ ಮೇಲಿಲ್ಲದ ಏನನ್ನೋ ಹುಡುಕತೊಡಗಿದರು.

"ಅಯ್ಯೋ ದೇವ್ರೇ! ನಾನು ಇಷ್ಟು ತೆಳ್ಳಗಿದ್ನಾ?"

"ಇದ್ರಿ ಇದ್ರಿ! ಕಡ್ಡಿ!" ಎಂದಳು ಬೇಕರಿಯವಳು.

"ಕಿಟಕಿ ತೆಗೆದ್ರೆ ಹಾರಿಹೋಗೋ ಹಾಗಿದ್ರಿ" ಎಂದು ಪೋಸ್ಟ್‌ಮಾಸ್ಟರು ಕೆಮ್ಮಿದರು.

ತಂಗಿಯ ಮುಖ ಅರಳಿತು. "ಇದನ್ನ ನನ್ನ ಮಗಳಿಗೆ ತೋರಿಸ್ಬೇಕು. ಅಮ್ಮ ಹುಟ್ಟಿದಾಗಿಂದ ಡ್ರಮ್ಮು ಅಂತಾಳೆ." ಹೇಳುತ್ತಲೇ ಹೆಬ್ಬೆರಳು ಫೋಟೊದ ಮೇಲೆ ಸವರಿ ನಿಂತಿತು. "ಇದೇನು, ದಾರ?"

"ಅದು ಡಿಸೈನು" ಎಂದರು ಪೋಸ್ಟ್‌ಮಾಸ್ಟರು.

ಅಲ್ಲಿಗೆ ಬಿಟ್ಟಿದ್ದರೆ ನಡೆದುಹೋಗುತ್ತಿತ್ತು. ಅರ್ಧಿಂಚಮ್ಮನಿಗೆ ಹಾಗೇ ಅನ್ನಿಸಿತು. ಆದರೆ ನರ್ಸಕ್ಕ ಅಂಚು ಬಿಡುವವಳಲ್ಲ.

"ಡಿಸೈನಲ್ಲ. ನಾನೇ ನಿನ್ನನ್ನ ಕತ್ತರಿಸಿ ಹಾಕಿದ್ದೆ. ಎಲ್ಲದರಿಂದಲೂ. ಈ ಟೈಲರಮ್ಮನ ಪುಸ್ತಕದ ಫೋಟೊ ಅಂಚಲ್ಲಿ ನೀನು ಉಳಿದಿದ್ದೆ. ಇವಳೇ ಅದನ್ನ ಕಿತ್ತು, ಹೊಲಿದು ಸೇರಿಸಿದ್ಳು."

ತಂಗಿ ಪುಟ ತಿರುವಿದಳು. ತೇಪೆ ಹಾಕಿದ ಸೈಕಲ್ಲು. ತೇಪೆ ಹಾಕಿದ ಮಂಡಿ. ಭುಜದ ಮೇಲೆ ಕೈಯಿದ್ದ ಪುಟಕ್ಕೆ ಬಂದು ನಿಂತಳು.

"ಇದೊಂದನ್ನ ಯಾಕೆ ಬಿಟ್ಟೆ?"

"ನನ್ನ ಭುಜ ಹೋಗ್ತಿತ್ತು."

ತಂಗಿ ಮೂಗು ಎಳೆದುಕೊಂಡಳು. "ನನ್ನ ಹತ್ರ ಒಂದು ಫೋಟೊ ಇದ್ದಿದ್ರೆ ನಾನೂ ನಿನ್ನನ್ನ ಕತ್ತರಿಸಿ ಹಾಕ್ತಿದ್ದೆ ಅಕ್ಕಾ. ಇರ್ಲಿಲ್ಲ." ಫೋಟೊದ ಆ ಕೈಯನ್ನು ಸವರುತ್ತ, "ಅವತ್ತು ಅಮ್ಮನ ಹತ್ರ ನಿಂತು ನಾನು ಹಾಗನ್ನಬಾರದಿತ್ತು. ನೀನು ಎಷ್ಟು ದಿನ ನಿದ್ದೆಗೆಟ್ಟಿದ್ದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ."

ನರ್ಸಕ್ಕ ಲೋಟವನ್ನು ತಂಗಿಯ ಕಡೆ ಸರಿಸಿದಳು. "ಟೀ ಆರ್ತಿದೆ" ಎಂದಳು. ತಂಗಿ ಲೋಟ ಎತ್ತಿಕೊಂಡಳು, ಎಡಗೈಯನ್ನು ಅಕ್ಕನ ಭುಜದ ಮೇಲೆ ಇಟ್ಟಳು. ಪೋಸ್ಟ್‌ಮಾಸ್ಟರಿಗೆ ಇದ್ದಕ್ಕಿದ್ದಂತೆ ಶೀತವಾಗಿ ಕರ್ಚೀಫು ಬೇಕಾಯಿತು. ಬೇಕರಿಯವಳು ಅಳುತ್ತಲೇ ಕೇಕು ಕತ್ತರಿಸಿ, ಎಲ್ಲರ ತುಂಡಿಗಿಂತ ತಂಗಿಯ ತುಂಡು ದೊಡ್ಡದಾಗಿರುವಂತೆ ನೋಡಿಕೊಂಡಳು.

ಕೇಕು ಮುಗಿದ ಮೇಲೆ ತಂಗಿ ಎದ್ದು ಬಂದು ಅರ್ಧಿಂಚಮ್ಮನ ಎರಡೂ ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು, ದನಿಯಲ್ಲಿ ಭಕ್ತಿ.

"ಟೈಲರಕ್ಕಾ, ಒಂದಲ್ಲ ಒಂದಿನ ನಾನು ವಾಪಸ್ ಬರ್ತೀನಿ ಅಂತ ನಿಮಗೆ ಆಗಲೇ ಅನ್ನಿಸಿತ್ತು, ಅಲ್ವಾ? ಅದಕ್ಕೇ ನನ್ನನ್ನ ಅಂಚಲ್ಲಿ ಕಾಪಾಡಿಟ್ಕೊಂಡಿದ್ರಿ."

ಉಳಿದ ಮೂವರೂ ಕತ್ತು ಮುಂದೆ ಚಾಚಿದರು. ಇಷ್ಟು ವರ್ಷದ ಅರ್ಧ ಇಂಚಿನ ಒಳಗುಟ್ಟು ಈಗ ಹೊರಬರುತ್ತದೆಂದು ಕಾದರು.

"ಅಯ್ಯೋ, ಅಂಥದ್ದೇನಿಲ್ಲಮ್ಮ" ಎಂದಳು ಅರ್ಧಿಂಚಮ್ಮ. "ಒಳ್ಳೆ ಕತ್ತರೀನ ಕಾಗದಕ್ಕೆ ಹಾಕಿದ್ರೆ ಮೊಂಡಾಗುತ್ತೆ ಅಂತ ಹಳೇದ್ರಲ್ಲಿ ಕತ್ತರಿಸ್ತೀನಿ. ಅದನ್ನ ಫೋಟೊದಲ್ಲಿರೋರ ಮುಖದ ಹತ್ರ ತಗೊಂಡೋದ್ರೆ ಅವರ ಮೂಗೇ ಕಚ್ಚಿಬಿಡುತ್ತೆ."