ಕುರಿಬಾನಿಯಿಂದ ಎತ್ತಿದ ಪಾಚಿ

ಶ್ರಾವಣ ಶನಿವಾರ ಬೆಳಿಗ್ಗೆ ಎಡೆಗೆಂದು ಅಕ್ಕಿ ಆರಿಸುತ್ತಾ ಕೂತಿದ್ದೆ. ತುಮಕೂರಿನಲ್ಲಿ ಸಂಶೋಧನೆ ಮಾಡುವ ಮಗಳ ಫೋನು ಬಂತು.

“ಅಮ್ಮ, ಲ್ಯಾಬಿನ ಪಾಚಿಯೆಲ್ಲ ಕೊಳೆತೋಯ್ತು. ಮನೆ ತೊಟ್ಟೀಲಿ ಬಿಟ್ಟಿದ್ನಲ್ಲ, ಅದು ಚೆನ್ನಾಗಿದೆ ತಾನೆ? ಹನ್ನೊಂದರ ಬಸ್ಸಿಗೆ ಬರ್ತೀನಿ. ಸೋಮವಾರ ಗೈಡಿಗೆ ತೋರಿಸ್ದಿದ್ರೆ ಆರು ತಿಂಗಳ ಕೆಲಸ ನೀರುಪಾಲು.”

ಅದು ಪುರವರದ ಕಡೆಯ ಕೆರೆಯಿಂದ ತಂದ ಪಾಚಿ. ಒಂದೊಂದು ಜೀವಕೋಶವೂ ನನ್ನ ಕಿರುಬೆರಳಿನಷ್ಟು ಉದ್ದ. ಒಳಗೆ ರಸ ಸದಾ ಸುತ್ತುತ್ತಿರುತ್ತದೆ. ಕೂದಲಿಗಿಂತ ಸಣ್ಣ ಗಾಜಿನ ಸೂಜಿಯಿಂದ ಅದಕ್ಕೆ ಹೊರಗಿನ ಪ್ರೋಟೀನನ್ನೋ ವಿಷವನ್ನೋ ಚುಚ್ಚಿ, ರಸ ನಿಲ್ಲುತ್ತದೋ ಹರಿಯುತ್ತದೋ ಎಂದು ನೋಡುವುದೇ ಅವಳ ಓದು. ಈಗ ಹೊಸ ಮಳೆಗೆ ಕೆರೆಯೆಲ್ಲ ಕೆಂಪು ನೀರು, ಹುಡುಕಿದರೂ ಸಿಗದು.

ಹಿತ್ತಿಲಿಗೆ ಹೋದೆ. ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ನಮ್ಮತ್ತೆ, ಕೈಯಲ್ಲಿ ತೆಂಗಿನ ನಾರು.

“ಶನಿವಾರದ ಮಡಿ ನೀರು ತುಂಬ್ಬೇಕಲ್ಲ ಕಣಮ್ಮ. ಪಾಚಿ ಕಟ್ಟಿತ್ತು, ತಿಕ್ಕಿ ತೊಳ್ದುಬುಟ್ಟೆ.”

“ಪಾಚಿ ಎಲ್ಲಿ ಅತ್ತೆ?”

“ಕುರಿಬಾನೀಗೆ ಸುರ್ದೆ. ಯಾಕೆ, ಸಾರು ಮಾಡ್ತಿದ್ಯಾ?”

ಸೆರಗು ಸಿಕ್ಕಿಸಿ, ಪಕ್ಕದ ಮನೆಯ ಕುರಿಗಳು ನೀರು ಕುಡಿಯುವ ಬಾನಿಗೆ ಓಡಿದೆ. ದೇವರು ದೊಡ್ಡವನು, ಕುರಿಗಳು ಆಗಷ್ಟೇ ಹೊಟ್ಟೆ ತುಂಬ ಹುರುಳಿಹೊಟ್ಟು ತಿಂದಿದ್ದವು. ಒಂದು ಟಗರು ಮಾತ್ರ ಬಾನಿಗೆ ಮೂತಿ ಇಟ್ಟಿತ್ತು. ಅದರ ತುಟಿಯಿಂದ ಒಂದು ಎಳೆ, ನೀರಿನಿಂದ ನಾಲ್ಕು ಎಳೆ ಎತ್ತಿ ಚೊಂಬಿಗೆ ಹಾಕಿಕೊಂಡೆ.

ಕುರಿಯವನು ಬೀಡಿ ಇಳಿಸಿ ಅಂದ: “ಕುರಿ ಬಾಯಿಂದ ಕಿತ್ಕೊಳೋವಷ್ಟು ಬಡತನ ಯಾವಾಗ ಬಂತಕ್ಕ ನಿಮ್ಮನೇಗೆ?”

ಮಗಳು ಬಂದು ಚೊಂಬಿಗೆ ಬೆಳಕು ಹಿಡಿದು ನೋಡಿ, ಐದರಲ್ಲಿ ಮೂರು ಬದುಕಿವೆ ಎಂದಳು. ಮೂರಾದರೂ ಉಳಿದವಲ್ಲ ಎಂದು ಕೈಮುಗಿದೆ. ಒಂದಕ್ಕೆ ಮೊಟ್ಟೆಯ ಬಿಳಿಯ ಪ್ರೋಟೀನು, ಒಂದಕ್ಕೆ ಹರಳುಬೀಜದ ವಿಷ ಚುಚ್ಚುತ್ತಾಳಂತೆ, ಇನ್ನೊಂದಕ್ಕೆ ಬರೀ ನೀರು.

“ಶ್ರಾವಣ ಶನಿವಾರ ಅದಕ್ಕೆ ಮೊಟ್ಟೆ ತಿನ್ನಿಸ್ತೀಯಾ?” ಎಂದೆ.

“ನಾಳೆ ಚುಚ್ತೀನಿ ಬಿಡಮ್ಮ. ಟಗರಿನ ಬಾಯಿಗೆ ಹೋಗಿಬಂದಿದೆ, ಅದೂ ಒಂದಿನ ಸುಧಾರಿಸ್ಕೊಳ್ಳಲಿ,” ಎಂದು ಚೊಂಬು ಹಿಡಿದು ಸಂಜೆಯ ಬಸ್ಸಿಗೆ ತುಮಕೂರಿಗೆ ಹೊರಟಳು.

ಭಾನುವಾರ ಸಂಜೆ ಅವಳ ಫೋನಿಗೆ ಅತ್ತೆಯೂ ನಾನೂ ಕಿವಿಗೊಟ್ಟು ಕೂತೆವು. ನೀರು ಹೋದ ಎಳೆಯಲ್ಲೂ ಮೊಟ್ಟೆ ಹೋದ ಎಳೆಯಲ್ಲೂ ಚುಚ್ಚಿದ ಗಳಿಗೆ ರಸ ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಹರಿಯಿತಂತೆ. ಹರಳಿನ ವಿಷ ಹೋದ ಎಳೆಯಲ್ಲಿ ಮಾತ್ರ ನಿಂತದ್ದು ನಿಂತೇ ಬಿಟ್ಟಿತಂತೆ. ಗೈಡಿಗೆ ತೋರಿಸಲು ಅಷ್ಟು ಸಾಕು ಎಂದಳು. ಅವಳ ದನಿ ತಿಳಿಯಾಗಿತ್ತು.

ಅತ್ತೆ ಒಪ್ಪಲಿಲ್ಲ. “ಹರಳೆಣ್ಣೆ ಕುಡ್ಸಿ ಆರು ಮಕ್ಕಳು ಸಾಕ್ದೋಳು ನಾನು. ಹರಳು ಒಳಕ್ಕೋದ್ಮೇಲೆ ಹರಿಯೋದು ನಿಂತಿದ್ದು ಎಲ್ಲೂ ಕಾಣ್ನಮ್ಮ. ಇನ್ನೊಂದ್ಸಲ ನೋಡೋಕೆ ಯೋಳು.”

ಫೋನು ಅವರ ಕೈಗೇ ಕೊಟ್ಟು, ನಾನು ಹಾಲಿಗೆ ಹೆಪ್ಪು ಹಾಕಲು ಒಳಗೆ ಹೋದೆ.