ದೊಡ್ಡವನನ್ನು ನೋಡಲು ಹೋದದ್ದು

ಕಳೆದ ಭಾನುವಾರ ವೆರಿಬೀಯ ಮೃಗಾಲಯಕ್ಕೆ ಹೊರಡುವ ಗಡಿಬಿಡಿಯಲ್ಲಿ ಕಪಾಟಿನಿಂದ ಹಳೆಯ ಸ್ಟೀಲ್ ಫ್ಲಾಸ್ಕ್ ಇಳಿಸಿ ಮುಚ್ಚಳ ತೆಗೆದೆ. ಎಷ್ಟು ತೊಳೆದರೂ ಬಿಡದ ಶುಂಠಿ, ಏಲಕ್ಕಿಯ ವಾಸನೆ. ಪಕ್ಕದ ಮನೆಯ ಆಂಟಿ ಎದುರು ಬಂದು ನಿಂತಂತಾಯಿತು...

ಮೆಲ್ಬರ್ನಿನ ಹೊರವಲಯದ ವಿಂಡಮ್ ವೇಲ್‌ನಲ್ಲಿ ನಾವು ಮನೆ ಕಟ್ಟಿಸಿದಾಗ ನಮಗಿದ್ದ ನೆರೆ ಅವರೊಬ್ಬರೇ. ಊರು ಮಂಗಳೂರು, ಮನೆಮಾತು ಕೊಂಕಣಿ, ಮದುವೆಯಾಗಿ ಹೋಗಿದ್ದು ನೈರೋಬಿಗೆ. ಆಮೇಲೆ ಗಂಡನ ಜೊತೆ ಮೆಲ್ಬರ್ನ್‌ಗೆ ಬಂದು, ಅವರು ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು.

ನೈರೋಬಿಯಲ್ಲಿ ಊರಿಗೆ ಅಂಟಿಕೊಂಡೇ ಸಿಂಹಗಳಿರುವ ರಕ್ಷಿತ ಕಾಡು. ಭಾನುವಾರ ಚರ್ಚ್ ಮುಗಿಸಿ, ಇಡ್ಲಿ, ಕೋಳಿಸಾರು ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದರಂತೆ. ಆದರೆ ಗೇಟು ದಾಟಿದ ಮೇಲೆ ಯಾರೂ ಸಿಂಹದ ಹೆಸರೆತ್ತುವಂತಿಲ್ಲ, 'ದೊಡ್ಡವನು' ಅನ್ನಬೇಕು. ಕಂಡರೂ ಬಾಯಿ ಬಿಡಬಾರದು. ರಾತ್ರಿ ಹಾವಿನ ಹೆಸರು ಹೇಳಬಾರದೆಂಬ ಊರಿನ ಕಟ್ಟಳೆಯನ್ನು ಆಂಟಿಯ ಅತ್ತೆ ಅಲ್ಲಿಯವರೆಗೂ ಹೊತ್ತೊಯ್ದಿದ್ದರು. ಊರಲ್ಲಿ ಹೆಸರು ಹೇಳಿದರೆ ಹಾವು ಬರುತ್ತದೆ, ಅಲ್ಲಿ ಹೇಳಿದರೆ ಸಿಂಹ ಹೊರಟುಹೋಗುತ್ತದೆ. ಇದು ಯಾವ ನ್ಯಾಯ ಎಂದು ನಾನು ಕೇಳಲು ಹೋಗಲಿಲ್ಲ.

ಒಮ್ಮೆ ಅದು ರಸ್ತೆ ಬದಿಯಲ್ಲೇ ನಿಂತಿತ್ತು. ಗಂಡ ನೋಡಿದರು, ತಾಯಿಯ ಮಾತಿನಂತೆ ಸುಮ್ಮನಿದ್ದರು. ಹಿಂದಿನ ಸೀಟಿನಲ್ಲಿ ಆಂಟಿ ಇದೇ ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತಿದ್ದರು. ತಲೆ ಎತ್ತುವಷ್ಟರಲ್ಲಿ ಹುಲ್ಲು ಮಾತ್ರ ಅಲ್ಲಾಡುತ್ತಿತ್ತು.

"ಅಷ್ಟು ವರ್ಷ ಇದ್ದು ಒಂದು ಸಲವೂ ನೋಡ್ಲಿಲ್ಲ ಮಾರಾಯ್ತಿ," ಎಂದು ಕಾಂಪೌಂಡಿನಾಚೆಯಿಂದ ಎಷ್ಟು ಸಲ ಹೇಳಿದ್ದರೋ.

ಆರೋಗ್ಯ ಕೆಡುತ್ತ ಬಂದಾಗ ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿದ್ದ ಮಗ ತಾಯಿಯನ್ನು ಕರೆಸಿಕೊಳ್ಳುವುದೆಂದಾಯಿತು. ಅದಕ್ಕೆ ಮೊದಲು ಒಮ್ಮೆ ನೈರೋಬಿ ನೋಡಲೇಬೇಕೆಂದು ಆಂಟಿ ಹಟ ಹಿಡಿದರು. ಒಬ್ಬರೇ ಹೋಗುವುದು ಬೇಡ ಎಂದ ಮಗ. ಹೊಸ ಕೆಲಸಕ್ಕೆ ಸೇರುವ ಮುನ್ನ ನನಗೆ ಬಿಡುವಿತ್ತು, ಜೊತೆಗೆ ಹೊರಟೆ. ನನ್ನ ಮಗಳು ಹುಟ್ಟುವುದಕ್ಕೂ ಮೊದಲಿನ ಮಾತಿದು.

ಅವರಿದ್ದ ಮನೆಯ ಜಾಗದಲ್ಲಿ ಎತ್ತರದ ಫ್ಲಾಟುಗಳು ಎದ್ದಿದ್ದವು. ಜಿರಾಫೆಗಳಿಗೆ ಕೈಯಿಂದಲೇ ತಿನ್ನಿಸುವ ಕಡೆ ಹೋದೆವು. ಉದ್ದನೆಯ ಕಪ್ಪು ನಾಲಿಗೆ ಅಂಗೈ ನೆಕ್ಕಿದಾಗ ಆಂಟಿ ಹುಡುಗಿಯಂತೆ ನಕ್ಕರು. ಕಾಡಿಗೂ ಹೋದೆವು. ಜೀಬ್ರಾಗಳ ಬೆನ್ನಿನಾಚೆ ಊರಿನ ಕಟ್ಟಡಗಳು ಕಾಣುತ್ತಿದ್ದವು. ದೊಡ್ಡವನ ಸುಳಿವೇ ಇಲ್ಲ. ಹಿಂತಿರುಗುವ ದಿನ ಬೆಳಿಗ್ಗೆ ಮತ್ತೆ ಹೋದೆವು. ಅದೇ ಕೊನೆಯ ಅವಕಾಶವೆಂದು ಇಬ್ಬರಿಗೂ ಗೊತ್ತಿತ್ತು.

ಡ್ರೈವರ್ ಕಾರು ನಿಲ್ಲಿಸಿ ಫೋನಿನಲ್ಲಿದ್ದ. ಆಂಟಿ ತಲೆ ತಗ್ಗಿಸಿ ನನಗೆ ಟೀ ಬಗ್ಗಿಸುತ್ತಿದ್ದರು. ಆಗ ಕಂಡಿತು, ಪೊದೆಯ ಪಕ್ಕ, ಕೇಸರವೆಲ್ಲ ಬಿಸಿಲಿಗೆ ಒಡ್ಡಿಕೊಂಡು. ಬಾಯಿ ಬಿಟ್ಟರೆ ಕಟ್ಟಳೆ ಮುರಿಯುತ್ತದೆ, ಸುಮ್ಮನಿದ್ದರೆ ಮತ್ತೆ ತಪ್ಪಿಹೋಗುತ್ತದೆ. ಅವರ ಕೈಯನ್ನು ಗಟ್ಟಿಯಾಗಿ ಹಿಡಿದೆ. ಟೀ ಮಡಿಲಿಗೆ ಚೆಲ್ಲಿತು.

ತಲೆ ಎತ್ತಿದರು... ನೋಡಿದರು. ಅದು ಎದ್ದು ಹುಲ್ಲಿನೊಳಗೆ ಹೋಗುವವರೆಗೂ ನೋಡಿದರು. ಗೇಟು ದಾಟಿದ ಮೇಲೆಯೇ ಮಾತು ಹೊರಟಿತು.

"ಅವತ್ತು ನಮ್ಮವರಿಗೂ ಹೀಗೆ ನನ್ನ ಕೈ ಹಿಡಿಬಹುದಿತ್ತಲ್ಲಾ? ಅಷ್ಟೂ ಗೊತ್ತಾಗ್ಲಿಲ್ಲ, ಪಾಪ."

ಬೈಗುಳವೆಲ್ಲ ಆ 'ಪಾಪ'ದಲ್ಲಿ ಕರಗಿಹೋಗಿತ್ತು. ಸಿಡ್ನಿಗೆ ಹೊರಟಾಗ ಫ್ಲಾಸ್ಕ್ ನನಗೆ ಕೊಟ್ಟರು. ಅಲ್ಲೇ ತೀರಿಕೊಂಡರು. ಕಾಂಪೌಂಡಿನಾಚೆ ಈಗ ಬೇರೆಯವರಿದ್ದಾರೆ, ಒಳ್ಳೆಯವರೇ. ಆದರೂ ಬಟ್ಟೆ ಒಣಗಹಾಕುವಾಗ ಕಣ್ಣು ಅತ್ತ ಹೋಗುತ್ತದೆ.

ಈ ಕಥೆಯನ್ನು ಮಗಳಿಗೆ ಹೇಳಿದ್ದೆ. ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಉತ್ತರಿಸುವವಳು. ಎಷ್ಟು ಕಿವಿಗೆ ಬಿತ್ತೋ ಎಂದುಕೊಂಡಿದ್ದೆ. ಭಾನುವಾರ ಪ್ರಾಣಿಗಳ ನಡುವೆ ಸುತ್ತಿಸುವ ಮೃಗಾಲಯದ ಬಸ್ಸಿನಲ್ಲಿ ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ. ಪುಟ್ಟ ಕೈಯೊಂದು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ತಲೆ ಎತ್ತಿದೆ. ಖಡ್ಗಮೃಗವೊಂದು ಮರಿಯನ್ನು ಪಕ್ಕದಲ್ಲಿಟ್ಟುಕೊಂಡು ನಿಂತಿತ್ತು. ಮಗಳು ತುಟಿ ಬಿಗಿದುಕೊಂಡು ಕೂತಿದ್ದಳು.